ಕುಂಕುಮವನ್ನು ಖುಲಾಸೆ ಮಾಡಿದ ಕೆಮಿಸ್ಟ್ ಬಾಯಿ

ಬೇರೆ ಹೆಂಗಸರು ಕೀಲಿಕೈ ಗೊಂಚಲು ಸಿಕ್ಕಿಸಿಕೊಳ್ಳುವ ಸೊಂಟದ ಜಾಗದಲ್ಲಿ ಅವರು ಟೆಸ್ಟರ್ ಸಿಕ್ಕಿಸಿಕೊಳ್ಳುತ್ತಿದ್ದರು. ಕೆಂಪು ಹಿಡಿಕೆಯ, ತುದಿ ಸವೆದ ಟೆಸ್ಟರ್. ಉಟ್ಟದ್ದು ಇಳಕಲ್ ಸೀರೆ, ಮೆಟ್ಟಿದ್ದು ಗಂಡಸರ ಕ್ಯಾನ್ವಾಸ್ ಬೂಟು. ಕೊಂಡ ದಿನ ಬೆಳ್ಳಗಿದ್ದ ಬೂಟು ವಾರ ತುಂಬುವುದರೊಳಗೆ ಸಿಮೆಂಟಿನ ಬಣ್ಣಕ್ಕೆ ತಿರುಗುತ್ತಿತ್ತು. ನೆರಿಗೆ ತೊಡರದಂತೆ ಸೀರೆಯನ್ನು ತುಸು ಮೇಲಕ್ಕೇ ಉಟ್ಟು, ಸೈರನ್ ಕೂಗುವ ಮೊದಲೇ ಅವರು ನಮ್ಮ ಕ್ವಾರ್ಟರ್ಸ್ ಓಣಿಯಲ್ಲಿ ದಡದಡ ನಡೆದು ಹೋಗುತ್ತಿದ್ದರೆ, ಬಾಗಿಲಿಗೆ ನೀರು ಹಾಕುತ್ತಿದ್ದ ನಾವೆಲ್ಲ ಚೊಂಬು ಹಿಡಿದೇ ನಿಂತು ನೋಡುತ್ತಿದ್ದೆವು.

ವಾಡಿ ದಾಟಿ ಸೇಡಂ ಕಡೆ ಹೋಗುವ ದಾರಿಯಲ್ಲಿದ್ದ ಸಿಮೆಂಟ್ ಕಾರ್ಖಾನೆ ಅದು. ನನ್ನ ಗಂಡ ಅಲ್ಲಿ ಟೈಮ್ ಆಫೀಸಿನಲ್ಲಿದ್ದರು. ನಾನು ಗುಲ್ಬರ್ಗಾದ ಕಾನ್ವೆಂಟಿನಲ್ಲಿ ಓದಿ, ಕಸೂತಿ, ಕ್ರೋಶಾ, ಮೆಲುದನಿಯ ಇಂಗ್ಲಿಷು ಇಷ್ಟನ್ನು ಕಟ್ಟಿಕೊಂಡು ಆ ಧೂಳಿನ ಊರಿಗೆ ಸೊಸೆಯಾಗಿ ಬಂದವಳು. ತೊಳೆದು ಹಾಕಿದ ಬಟ್ಟೆಯ ಮಡಿಕೆಯಲ್ಲೂ ಧೂಳು, ತುಳಸಿಯ ಎಲೆಯ ಮೇಲೂ ಧೂಳು. ಎದುರುಮನೆಯಲ್ಲಿ ಅವರು ಒಬ್ಬರೇ ಇದ್ದರು. ಕಾರ್ಖಾನೆಯ ಲ್ಯಾಬಿನಲ್ಲಿದ್ದ ಒಬ್ಬಳೇ ಹೆಂಗಸು. ಗೇಟಿನ ವಾಚ್‌ಮನ್‌ನಿಂದ ಹಿಡಿದು ದೊಡ್ಡ ಸಾಹೇಬರವರೆಗೆ ಎಲ್ಲರಿಗೂ ಅವರು ಕೆಮಿಸ್ಟ್ ಬಾಯಿ. ನನಗೆ ಅಕ್ಕ.

ಅವರ ಊರು ಚಿತ್ತಾಪುರದ ಹತ್ತಿರದ ಒಂದು ಹಳ್ಳಿ. ತಂದೆ ಶಹಾಬಾದಿನ ಖಣಿಯಲ್ಲಿ ಫರ್ಸಿಕಲ್ಲು ಒಡೆಯುತ್ತಿದ್ದವರು. "ನಮ್ಮಪ್ಪ ಕಲ್ಲು ಒಡದು ಹೊರಗ ತಗೀತಿದ್ದ, ನಾ ಅದೇ ಕಲ್ಲಿನ ಒಳಗ ಏನದ ಅಂತ ನೋಡ್ತೀನಿ. ಮನಿತನದ ಧಂದೆ ಬಿಟ್ಟಿಲ್ಲ ನೋಡು" ಎಂದು ನಗುತ್ತಿದ್ದರು. ಮನೆಯ ಗೋಡೆಗೆ ಒಂದೇ ಒಂದು ಪಟ, ಕಣ್ಣು ಮುಚ್ಚಿ ಕುಳಿತ ಬುದ್ಧನದು. ಅದರ ಕೆಳಗೆ ಊದಿನಕಡ್ಡಿ ಇಡುವ ಜಾಗದಲ್ಲಿ ಸ್ಕ್ರೂಗಳ ಡಬ್ಬಿ.

ಅವರ ಒಂದು ಅಭ್ಯಾಸ ಮೊದಮೊದಲು ನನಗೆ ಕಿರಿಕಿರಿಯಾಗುತ್ತಿತ್ತು. ನೀವು ಏನಾದರೂ ಹೇಳಿದರೆ ಅವರು ತಕ್ಷಣ ಉತ್ತರ ಕೊಡುತ್ತಿರಲಿಲ್ಲ. ತಲೆ ಒಂದು ಕಡೆ ವಾಲಿಸಿ, "ಅಂದ್ರ ನೀ ಹೇಳಿದ್ದು ಹಿಂಗ..." ಎಂದು ನಿಮ್ಮ ಮಾತನ್ನೇ ನಿಮಗೆ ತಿರುಗಿ ಹೇಳಿ, "ಹೌದಲ್ಲ?" ಎಂದು ಕೇಳಿ, ನೀವು ಹೂಂ ಅಂದ ಮೇಲೆಯೇ ತಮ್ಮ ಮಾತು. ಕಾಯಿಪಲ್ಯ ಮಾರುವವಳ ಹತ್ತಿರವೂ ಇದೇ. "ಅಂದ್ರ ಪುಂಡಿಪಲ್ಯ ನಿನ್ನೀದು, ಮೆಂತ್ಯ ಇವತ್ತಿಂದು. ಹೌದಲ್ಲ?" ಅವಳು ತಲೆ ಚಚ್ಚಿಕೊಳ್ಳುತ್ತಿದ್ದಳು. "ಬಾಯೀ, ನಿಮಗ ಪಲ್ಯ ಮಾರೂದಕ್ಕಿಂತ ಕೋರ್ಟಿನ್ಯಾಗ ಸಾಕ್ಷಿ ಹೇಳೂದು ಸಸಾರ!"

ಒಂದು ಸಂಜೆ ನಮ್ಮ ರೇಡಿಯೊ ಗುರ್ ಎಂದು ಅರಚತೊಡಗಿತು. ನನ್ನವರು ಅದರ ತಲೆಗೆ ಎರಡು ಏಟು ಹಾಕಿ, "ಹಾಳಾಗ್ಯಾದ, ಬಿಸಾಕ್ಬೇಕು" ಎಂದು ತೀರ್ಮಾನಿಸಿದರು. ನಾನು ಅಕ್ಕನನ್ನು ಕರೆದೆ.

"ಏನಾಗ್ಯಾದ?"

"ರೇಡಿಯೊ ಹಾಳಾಗ್ಯಾದ ಅಕ್ಕಾ."

"ಹಾಳಾಗ್ಯಾದ ಅಂದ್ರ ಅದು ತೀರ್ಪಾಯ್ತು. ತೀರ್ಪು ಆಮ್ಯಾಲ. ನಿನಗ ಏನ್ ಕೇಳಸ್ತು, ಯಾವಾಗ ಕೇಳಸ್ತು, ಅಷ್ಟ ಹೇಳು."

ನಾನು ಕಣ್ಣು ಮುಚ್ಚಿ ನೆನಪು ಮಾಡಿಕೊಂಡೆ. ದೇವರ ದೀಪ ಹಚ್ಚಿ, ಪಡಸಾಲೆಯ ಟ್ಯೂಬ್‌ಲೈಟ್ ಹಾಕಿದ ಮೇಲೆ ಗುರುಗುಟ್ಟುತ್ತದೆ. ಬೆಳಿಗ್ಗೆ ಚೆನ್ನಾಗಿಯೇ ಇರುತ್ತದೆ. ಹಾಗೆ ಹೇಳಿದೆ. ಅಕ್ಕ ಎದ್ದು ಟ್ಯೂಬ್‌ಲೈಟಿನ ಗುಂಡಿ ಒತ್ತಿದರು. ಕತ್ತಲಾಯಿತು, ಕತ್ತಲಲ್ಲಿ ರೇಡಿಯೊ ಸ್ವಚ್ಛವಾಗಿ ವಾರ್ತೆ ಓದತೊಡಗಿತು! "ರೇಡಿಯೊಕ್ಕ ಏನೂ ಆಗಿಲ್ಲ ಮಾರಾಯ್ತಿ, ಟ್ಯೂಬು ಚೀರಾಕತ್ತದ, ಇದು ಕೇಳಾಕತ್ತದ" ಎಂದು ನನ್ನ ಗಂಡನ ಕಡೆ ತಿರುಗಿ, "ಸುಮ್ನ ಹೊಡದ್ರಿ ಪಾಪ ಅದಕ" ಅಂದರು. ನನ್ನವರು ಅಂದಿನಿಂದ ರೇಡಿಯೊಗೆ ಕೈ ಮಾಡಲಿಲ್ಲ. ನಾನಂತೂ ಆ ರಾತ್ರಿ ರೊಟ್ಟಿ ಬಡಿಯುವಾಗಲೂ ನಗುತ್ತಿದ್ದೆ. ಅಷ್ಟು ಸಣ್ಣದನ್ನು ಗಮನಿಸಿದ್ದಕ್ಕೆ ಒಂದು ಬೆಲೆ ಇದೆ ಎಂದು ನನಗೆ ಅದುವರೆಗೆ ಯಾರೂ ಹೇಳಿರಲಿಲ್ಲ.

ಎಂಬತ್ತರ ದಶಕದಲ್ಲಿ ಕಾರ್ಖಾನೆಗೆ ಆ ಎರಡು ಮಷಿನುಗಳು ಬಂದವು. ಒಂದು, ಬೀರುವಿನಷ್ಟು ದೊಡ್ಡದು. ಕಲ್ಲನ್ನು ನುಣ್ಣಗೆ ಪುಡಿ ಮಾಡಿ, ಬಿಲ್ಲೆಯಾಗಿ ಒತ್ತಿ ಅದರ ಹೊಟ್ಟೆಯಲ್ಲಿಟ್ಟರೆ, ಎಕ್ಸ್-ರೇ ಹಾಯಿಸಿ ಇದರಲ್ಲಿ ಸುಣ್ಣ ಇಷ್ಟು, ಮರಳು ಇಷ್ಟು, ಕಬ್ಬಿಣ ಇಷ್ಟು ಎಂದು ಹೇಳುತ್ತಿತ್ತು. ಇನ್ನೊಂದು ಕಂಪ್ಯೂಟರು. ಅದು ಕಾರಿಡಾರಿನ ಆಚೆಯ ಕೋಣೆಯಲ್ಲಿ. ಮೊದಲನೆಯದು ಹೇಳಿದ ಅಂಕಿಗಳು ಗೋಡೆಯ ತೂತಿನಿಂದ ಹಾದುಹೋದ ಬೆರಳು ದಪ್ಪದ ವೈರಿನಲ್ಲಿ ಎರಡನೆಯದಕ್ಕೆ ತಲುಪಬೇಕು, ಅದು ಲೆಕ್ಕ ಹಾಕಿ, ಯಾವ ಕಲ್ಲು ಎಷ್ಟು ಹಾಕಬೇಕು ಎಂದು ಪರದೆಯ ಮೇಲೆ ತೋರಿಸಬೇಕು. ಇಡೀ ಕಾರ್ಖಾನೆಯಲ್ಲಿ ತಣ್ಣನೆಯ ಗಾಳಿ ಇದ್ದದ್ದು ಈ ಎರಡು ಕೋಣೆಗಳಲ್ಲಿ ಮತ್ತು ದೊಡ್ಡ ಸಾಹೇಬರ ಕೋಣೆಯಲ್ಲಿ. ಮಷಿನುಗಳ ಜವಾಬ್ದಾರಿ ಕೆಮಿಸ್ಟ್ ಬಾಯಿಗೆ ಕೊಟ್ಟಿದ್ದರು.

ಅವರ ಕೈಕೆಳಗೆ ಕಲ್ಲು ಕುಟ್ಟಿ, ಅರೆದು, ಬಿಲ್ಲೆ ಒತ್ತುವ ಕೆಲಸ ಮಾಡುತ್ತಿದ್ದವರು ಸ್ಯಾಂಪಲ್ ಕಾಕಾ. ಚಿಮ್ಮನಚೋಡದವರು. ಹುಬ್ಬಿನ ಮೇಲೆ ಯಾವಾಗಲೂ ಬಿಳಿ ಪುಡಿ. ಅರೆದದ್ದು ನುಣ್ಣಗಿಲ್ಲದಿದ್ದರೆ ಮಷಿನು ತಪ್ಪು ಅಂಕಿ ಹೇಳುತ್ತದೆಂದು, ಬೆರಳಲ್ಲಿ ಉಜ್ಜಿ ನೋಡಿಯೇ ಬಿಲ್ಲೆ ಒತ್ತುತ್ತಿದ್ದರು. ಎಷ್ಟೋ ವರ್ಷದಿಂದ ದುಡಿಯುತ್ತಿದ್ದರೂ ಕೆಲಸ ಕಾಯಂ ಆಗಿರಲಿಲ್ಲ, ಮಸ್ಟರ್ ರೋಲಿನ ಆಳು. ಮಷಿನುಗಳಿಗೆ ಹೆಸರಿಟ್ಟವರೂ ಅವರೇ. ಹೇಳುವುದು ಅತ್ತೆ, ಕೇಳುವುದು ಸೊಸೆ. "ಅತ್ತಿ ಅಲ್ಲಿ ಕುಂತು ಹೇಳ್ತಾಳ, ಸೊಸಿ ಇಲ್ಲಿ ಕುಂತು ಕೇಳ್ತಾಳ, ನಡುವ ಗೋಡಿ ಅದ. ಅದಕ್ಕ ಜಗಳ ಇಲ್ಲ" ಎಂದು ಬಂದವರಿಗೆಲ್ಲ ಪರಿಚಯ ಮಾಡಿಕೊಡುತ್ತಿದ್ದರಂತೆ. ಈ ಮಾತು ನಮ್ಮ ಮನೆಗೂ ಬಂದು, ನನ್ನ ಅತ್ತೆ ಒಂದು ದಿನ ಗೋಡೆ ಕಟ್ಟಿಸುವ ವಿಚಾರವನ್ನೂ ಎತ್ತಿದ್ದರು.

ಆ ವರ್ಷ ಮಹಾನವಮಿಯ ದಿನ ಖಂಡೇಪೂಜೆ. ಸ್ಪ್ಯಾನರ್, ಸುತ್ತಿಗೆ, ಲಾರಿ, ತಕ್ಕಡಿ ಎಲ್ಲಕ್ಕೂ ಕುಂಕುಮ, ಚೆಂಡುಹೂ. ದೊಡ್ಡ ಭಟ್ಟಿ ಮಾತ್ರ ಆರಿಸುವಂತಿಲ್ಲ, ಉಳಿದದ್ದಕ್ಕೆಲ್ಲ ಅಂದು ವಿಶ್ರಾಂತಿ. ಲ್ಯಾಬಿನ ಮಷಿನು ತಂದಾಗಿನಿಂದ ಒಮ್ಮೆಯೂ ಬಂದ್ ಆಗಿರಲಿಲ್ಲ. ಊರಿಗೆಲ್ಲ ಕರೆಂಟು ಹೋದರೂ ಅದಕ್ಕೆ ಪ್ರತ್ಯೇಕ ಏರ್ಪಾಡಿತ್ತು. ಕಾಕಾ ಕೈ ಮುಗಿದು ಕೇಳಿಕೊಂಡರಂತೆ: "ಬಾಯೀ, ವರ್ಷಾನುಗಟ್ಲೆ ಕಣ್ಣ ಮುಚ್ಚಿಲ್ಲ ಇದು. ಇವತ್ತೊಂದಿನ ಮಲಗಲಿ." ಅಕ್ಕನಿಗೆ ಆ ಮಾತು ಇಷ್ಟವಾಯಿತು. ಪೂಜೆ ಅವರ ಪದ್ಧತಿ ಅಲ್ಲದಿದ್ದರೂ ಪ್ರತಿವರ್ಷ ಪಕ್ಕಕ್ಕೆ ನಿಂತು ನೋಡಿ, ಕೊಬ್ಬರಿ ತಿಂದು ಬರುತ್ತಿದ್ದರು. ತಾವೇ ಕೈಯಾರೆ ಸ್ವಿಚ್ ಆರಿಸಿದರು. ಕಾಕಾ ಅತ್ತೆಗೆ ಕುಂಕುಮ ಹಚ್ಚಿದರು, ಸೊಸೆಗೆ ಹಚ್ಚಿದರು, "ನಡುವ ಇದೂ ದುಡೀತದಲ್ಲ" ಎಂದು ವೈರಿನ ತುದಿಯ ತಗಡಿಗೂ ಒಂದು ಬೊಟ್ಟು ಇಟ್ಟರು.

ಸಂಜೆ ಮಷಿನು ಚಾಲೂ ಮಾಡಿದರೆ, ಅತ್ತೆಯ ಕಡೆ ಎಲ್ಲ ಸರಿ, ಸೊಸೆಯ ಪರದೆಯ ಮೇಲೆ ಬರೀ ಗೀಚು. ಪ್ರಶ್ನೆಯ ಗುರುತು, ಕಂಸ, ಅರ್ಧ ಅಕ್ಷರ, ಏನೇನೋ. ವೈರು ಬಿಚ್ಚಿ ಹಾಕಿದರು, ಒರೆಸಿದರು. ಗೀಚೇ. ದೊಡ್ಡ ಸಾಹೇಬರು ಬಂದರು. ಮೈಸೂರಿನ ಕಡೆಯವರು, ಮಿತಭಾಷಿ, ಕೆಟ್ಟವರಲ್ಲ. ಆದರೆ ಆ ಮಷಿನು ಬೇಕೆಂದು ಮೇಲಿನವರ ಹತ್ತಿರ ಜಗಳವಾಡಿ ತರಿಸಿದವರು ಅವರೇ. ವೈರಿನ ತುದಿಯಲ್ಲಿ ಕೆಂಪು ಕಂಡಿತು.

"ಯಾರ್ರೀ ಇದಕ್ಕೆ ಕುಂಕುಮ ಮೆತ್ತಿದ್ದು?"

ಕಾಕಾ ಮುಂದೆ ಬಂದು ನಿಂತರು. ಬಾಯಿ ತೆರೆದರೆ ಮಾತು ಹೊರಡಲಿಲ್ಲ. ಸಾಹೇಬರು ಬೊಂಬಾಯಿಗೆ ಟ್ರಂಕ್ ಕಾಲ್ ಮಾಡಿಸಿದರೆ, ಮಷಿನಿನ ಕಂಪನಿಯವರು ದೀಪಾವಳಿಯ ನಂತರ ಬಂದು ನೋಡುತ್ತೇವೆ ಅಂದರು. ಸಾಹೇಬರು ಫೋನಿಟ್ಟವರೇ, ಹಬ್ಬ ಮುಗಿದ ಮೇಲೆ ಆ ಮನುಷ್ಯ ಗೇಟಿನೊಳಗೆ ಬರಕೂಡದು ಎಂದು ಟೈಮ್ ಆಫೀಸಿಗೆ ಹೇಳಿ ಕಳಿಸಿದರು. ಕಾಯಂ ಅಲ್ಲದ ಆಳಿಗೆ ನೋಟಿಸೂ ಬೇಡ, ಮಸ್ಟರಿನಲ್ಲಿ ಹೆಸರು ಕೂಗದಿದ್ದರೆ ಮುಗಿಯಿತು. ಆ ಹೆಸರು ಕೂಗುವವರು ನನ್ನ ಗಂಡ. ಅಂದು ರಾತ್ರಿ ಊಟಕ್ಕೆ ಕುಳಿತವರು ಹಬ್ಬದ ಹೋಳಿಗೆಯನ್ನು ಮುರಿದು ಮುರಿದು ಇಟ್ಟರೇ ಹೊರತು ತಿನ್ನಲಿಲ್ಲ.

ಮರುದಿನ ದಸರೆ. ಲ್ಯಾಬಿಗೆ ರಜೆ. ಬೆಳಿಗ್ಗೆ ಎಣ್ಣೆಸ್ನಾನ ಮಾಡಿ ತಲೆ ಒಣಗಿಸುತ್ತಿದ್ದೆ, ಬಾಗಿಲಲ್ಲಿ ಕ್ಯಾನ್ವಾಸ್ ಬೂಟು ಕಂಡಿತು.

"ನಿನಗ ಇಂಗ್ಲಿಷ್ ಛಲೋ ಓದಾಕ ಬರ್ತದ, ಗಂಟಲೂ ಅದ. ನಡಿ ನನ್ನ ಜೊತಿ."

"ಎಲ್ಲಿಗಿ ಅಕ್ಕಾ?"

"ಲ್ಯಾಬಿಗಿ. ಆ ಎರಡೂ ಯಾಕ ಮಾತು ಬಿಟ್ಟಾವ ಅಂತ ನೋಡಬೇಕು. ನಾ ಅತ್ತಿ ಕಡಿ ಇದ್ರ ಸೊಸಿ ಕಡಿ ಏನ್ ಬಂತು ಅಂತ ಹೇಳಾಕ ಒಬ್ರು ಬೇಕು. ಎಲ್ಲಾರೂ ಊರಿಗಿ ಹೋಗ್ಯಾರ."

ನನ್ನ ಅತ್ತೆ ಒಳಗಿನಿಂದಲೇ, "ಹಬ್ಬದ ದಿನ ಸೊಸಿ ಫ್ಯಾಕ್ಟರಿಗಿ ಹೋಗೂದಾ?" ಎಂದರು.

"ಅವ್ವಾ, ಎರವಲು ಕೊಡ್ರಿ. ಸಂಜಿಗಿ ಬನ್ನಿ ಕೊಡಾಕ ಬರೂದ್ರೊಳಗ ಹಂಗಿಂದ ಹಂಗ ತಿರುಗಿ ಕೊಡ್ತೀನಿ."

"ಧೂಳು ಹತ್ತಿರಬಾರದು ನೋಡು!" ಎಂದರು ಅತ್ತೆ. ಅಂದರೆ ಒಪ್ಪಿಗೆ. ನನ್ನವರು ಗೇಟಿನವರೆಗೆ ಬಂದು ಪಾಸು ಮಾಡಿಸಿಕೊಟ್ಟರು. ಮದುವೆಯಾಗಿ ಬಂದಾಗಿನಿಂದ ದಿನಾ ಸೈರನ್ ಕೇಳಿದವಳು ನಾನು, ಆ ಗೇಟು ದಾಟಿದ್ದು ಅಂದೇ. ಎದೆ ಡವಡವ ಅನ್ನುತ್ತಿತ್ತು. ಹೆದರಿಕೆಯಲ್ಲ, ಜಾತ್ರೆಗೆ ಹೊರಟ ಹುಡುಗಿಯ ಹಾಗೆ.

ನನ್ನನ್ನು ಕಂಪ್ಯೂಟರಿನ ಮುಂದೆ ಕೂರಿಸಿದರು. ತೊಡೆಯ ಮೇಲೆ ದಪ್ಪನೆಯ ಇಂಗ್ಲಿಷ್ ಕೈಪಿಡಿ. ಎರಡೂ ಕೋಣೆಯ ಬಾಗಿಲು ತೆರೆದಿಟ್ಟು, ಅವರು ಆಚೆ ಹೋದರು.

"ಪರದೆ ಮ್ಯಾಲ ಏನ್ ಕಾಣ್ತದ ಹಂಗಾ ಹೇಳು. ಅರ್ಥ ಹಚ್ಚಾಕ ಹೋಗಬ್ಯಾಡ."

ನಾನೇನೋ ಹೇಳಿದೆ.

"ಕೇಳಂಗಿಲ್ಲ!"

ಇನ್ನೊಮ್ಮೆ ಹೇಳಿದೆ.

"ನಿಮ್ಮ ಸಿಸ್ಟರ್‌ಗೋಳು ಮೆತ್ತಗ ಮಾತಾಡಂತ ಕಲಿಸ್ಯಾರೇನು? ಇವತ್ತು ಅವರಿಗೂ ರಜಾ ಅದ. ಚೀರು!"

ನಾನು ಚೀರಿದೆ. ಕಾರಿಡಾರಿನ ಫರ್ಸಿಕಲ್ಲಿಗೆ ಬಡಿದು ನನ್ನ ದನಿ ನನಗೇ ವಾಪಸು ಬಂತು. ಇಷ್ಟು ದೊಡ್ಡ ದನಿ ನನ್ನೊಳಗೆ ಎಲ್ಲಿತ್ತೋ!

ಸ್ವಲ್ಪ ಹೊತ್ತಿಗೆ ಅಕ್ಕ ಓಡಿ ಬಂದು ನನ್ನ ತಲೆಗೆ ಕೈ ಹಾಕಿ ಒಂದು ಪಿನ್ನು ಕಿತ್ತುಕೊಂಡರು. ಟೆಸ್ಟರಿನ ತುದಿಯಿಂದ ಅದರ ಕಪ್ಪು ಬಣ್ಣವನ್ನು ಗರಗರ ಕೆರೆದರು. ಕಬ್ಬಿಣ ಹೊಳೆಯಿತು.

"ಇದ್ಯಾಕ ಅಕ್ಕಾ?"

"ವೈರಿನ ಆ ಕಡಿ ತುದಿ ಅತ್ತಿಯಿಂದ ಬಿಚ್ಚೀನಿ. ಅದರಾಗ ಒಂದು ಕಡ್ಡಿ ಹೇಳೂದು, ಒಂದು ಕಡ್ಡಿ ಕೇಳೂದು. ಎರಡಕ್ಕೂ ಈ ಪಿನ್ನು ಅಡ್ಡ ಹಿಡೀತೀನಿ. ಸೊಸಿ ತಾ ಆಡಿದ ಮಾತು ತಾನೇ ಕೇಳಬೇಕು ಆವಾಗ. ಕೇಳಸ್ತು ಅಂದ್ರ ಆಕಿ ಕಿವಿನೂ ಛಲೋ ಅದ, ವೈರೂ ಛಲೋ ಅದ ಅಂತಾಯ್ತು."

ಆಚೆಯಿಂದ "ಒತ್ತು!" ಅಂದರು. ಏನು ಒತ್ತಲಿ? ಇಂಗ್ಲಿಷಿನಲ್ಲಿ ವಾಡಿ ಎಂದು ಒಂದೊಂದೇ ಅಕ್ಷರ ಒತ್ತಿದೆ. ಹಸಿರು ಪರದೆಯ ಮೇಲೆ ವಾಡಿ ಎಂದು ಮೂಡಿತು.

"ಬಂತು!"

"ಈಗ ಪಿನ್ನು ತಗದೀನಿ. ಒತ್ತು."

ಒತ್ತಿದೆ. ಪರದೆ ಸುಮ್ಮನಿತ್ತು.

"ಇಲ್ಲ!"

"ಈಗ?"

"ಬಂತು!"

ಅಕ್ಕ ಜೋರಾಗಿ ನಕ್ಕರು. "ವೈರು ಎಷ್ಟುದ್ದ ಅದ ಅಷ್ಟೂ ಹೋಗಿ ಅಷ್ಟೂ ಬಂದದ ನಿನ್ನ ವಾಡಿ! ಕುಂಕುಮದ ತಪ್ಪಿಲ್ಲ! ಕುಂಕುಮದ ತಪ್ಪಿಲ್ಲ ಇದರಾಗ!" ಆದರೆ ಮರುಕ್ಷಣವೇ ದನಿ ಇಳಿಸಿ, "ಹಂಗಾರ ಯಾರದು?" ಅಂದರು, ತಮಗೆ ತಾವೇ.

ವೈರನ್ನು ಮತ್ತೆ ಮಷಿನಿಗೆ ಜೋಡಿಸಿ, ಹಿಂದಿನ ದಿನ ಪೂಜೆಗೆ ಮೊದಲು ಕಾಕಾ ಒತ್ತಿಟ್ಟಿದ್ದ ಬಿಲ್ಲೆಯೊಂದನ್ನು ಒಳಗಿಟ್ಟು ಅಳೆಸಿದರು. ಅಳೆದ ಅಂಕಿಗಳ ಸಾಲನ್ನು ಕಳಿಸಿದರು. ಪರದೆಯ ಮೇಲೆ ಗೀಚು ಬಂತು. ಅರ್ಥ ಹಚ್ಚಬೇಡ ಎಂದಿದ್ದರಲ್ಲ, ನಾನು ಅದನ್ನು ಕಸೂತಿಯ ಸಾಲಿನಂತೆ ನೋಡಿದೆ. ಒಂದು ಪ್ರಶ್ನೆಗುರುತು, ಎರಡು ಕಂಸ, ಒಂದು ಖಾಲಿ, ಮತ್ತೊಂದು ಪ್ರಶ್ನೆಗುರುತು. ಅದೇ ಸಾಲನ್ನು ಅವರು ಇನ್ನೊಮ್ಮೆ ಕಳಿಸಿದರು. ಮಗದೊಮ್ಮೆ ಕಳಿಸಿದರು.

"ಅಕ್ಕಾ, ಅದೇ ಬಂತು!"

"ಅದೇ ಅಂದ್ರ? ಗೀಚಾ?"

"ಗೀಚೇ. ಆದ್ರ ಅದೇ ಗೀಚು! ಮೊದಲಿನ ಸಾಲಿನಾಗ ಎಲ್ಲಿ ಕಂಸ ಇತ್ತೋ ಇದರಾಗೂ ಅಲ್ಲೇ ಅದ. ಮೂರೂ ಸಾಲು ಒಂದಾ ನಮೂನಿ!"

ಆಚೆಯಿಂದ ಬೂಟಿನ ಸಪ್ಪಳ. ಅಕ್ಕ ಬಾಗಿಲಲ್ಲಿ ನಿಂತು ಪರದೆಯನ್ನು ನೋಡಿದರು, ನನ್ನನ್ನು ನೋಡಿದರು. "ಅಂದ್ರ ನೀ ಹೇಳಿದ್ದು ಹಿಂಗ: ಅದು ಒಂದಾ ಮಾತು ಹೇಳ್ತದ, ಇದು ಒಂದಾ ತಪ್ಪು ಕೇಳ್ತದ. ಹೌದಲ್ಲ?"

"ಹೌದು."

"ವೈರು ಕೆಟ್ಟಿದ್ರ ಒಂದೊಂದು ಸಲ ಒಂದೊಂದು ಗೀಚು ಬರ್ಬೇಕಿತ್ತು. ಇದು ಕೆಟ್ಟದ್ದಲ್ಲ. ಅತ್ತಿ ಮಾತಾಡೂ ರೀತಿನೇ ಬದಲಾಗ್ಯಾದ!" ನನ್ನ ಎರಡೂ ಕೆನ್ನೆ ಹಿಡಿದು ಅಲ್ಲಾಡಿಸಿದರು. ಅವರ ಬೆರಳು ಮಂಜಿನಂತೆ ತಣ್ಣಗಿತ್ತು. "ಓದು, ಓದು. ಮಾತಿನ ವೇಗದ ಬಗ್ಗೆ ಎಲ್ಲಿ ಬರದಾರ ನೋಡು. ಲಗೂ!"

ನಾನು ಪುಟ ಮಗುಚಿದೆ. ಸಿಸ್ಟರುಗಳು ಕಲಿಸಿದ ಹಾಗೆ ಸ್ಪಷ್ಟವಾಗಿ, ಅವರು ಕಲಿಸದ ಹಾಗೆ ಗಟ್ಟಿಯಾಗಿ ಓದುತ್ತಾ ಹೋದೆ. ಮಷಿನು ಯಾವ ವೇಗದಲ್ಲಿ ಮಾತಾಡಬೇಕು ಎಂದು ಒಮ್ಮೆ ಹೇಳಿಕೊಟ್ಟರೆ ಅದನ್ನು ಅದು ನೆನಪಿಟ್ಟುಕೊಳ್ಳುತ್ತದೆ. ಪೂರ್ತಿ ಆರಿಸಿದಾಗಲೂ ನೆನಪು ಉಳಿಯಲೆಂದು ಒಳಗೆ ಗುಂಡಿಯಷ್ಟು ಸಣ್ಣ ಬ್ಯಾಟರಿ ಇದೆ. ಆ ಬ್ಯಾಟರಿ ಸತ್ತಿದ್ದರೆ, ಆರಿಸಿದೊಡನೆ ಮಷಿನು ಕಲಿಸಿದ್ದನ್ನೆಲ್ಲ ಮರೆತು, ಹುಟ್ಟಿದಾಗಿನ ವೇಗಕ್ಕೆ ಹೋಗುತ್ತದೆ.

"ಏನಂದಿ? ಇನ್ನೊಮ್ಮೆ ಓದು."

ಓದಿದೆ. ಮತ್ತೂ ಒಮ್ಮೆ ಓದಿಸಿದರು. ನನಗೆ ಆಗ ಅದರ ಕಾರಣ ಹೊಳೆಯಲಿಲ್ಲ. ನನ್ನ ಕಣ್ಣೆಲ್ಲ ಪರದೆಯ ಮೇಲೆ.

ಬೀರುವಿನಂಥ ಮಷಿನಿನ ಮೇಲಿನ ಗುಂಡಿಗಳನ್ನು ಅವರು ಟಕಟಕ ಒತ್ತುವ ಸದ್ದು. "ಈಗ?" "ಗೀಚು!" "ಈಗ?" "ಗೀಚು, ಆದ್ರ ಉದ್ದ ಆಗ್ಯಾದ!" "ಈಗ?"

ಪರದೆಯ ಮೇಲೆ ಒಂದು ನಾಲ್ಕು ಬಂತು. ಖಂಡಿತ ನಾಲ್ಕು. ಅದರ ಪಕ್ಕ ಗೀಚು. ಆಮೇಲೆ ಒಂದು ಅಂಕಿ, ಮತ್ತೆ ಗೀಚು.

"ಅರ್ಧ ಬಂತು ಅಕ್ಕಾ! ಒಂದು ಅಂಕಿ ಛಲೋ ಅದ, ಒಂದು ಕೆಟ್ಟದ!"

"ವೇಗ ಸಿಕ್ತು! ಸಿಕ್ತು ನೋಡು! ಇನ್ನೊಂದು ಅದ, ಇನ್ನೊಂದು! ಪ್ರತಿ ಅಕ್ಷರದ ಬಾಲಕ್ಕ ಒಂದು ಪಹರೆ ಗುರುತು ಹಚ್ಚಿ ಕಳಸ್ತದ ಅದು, ಅಕ್ಷರ ನೆಟ್ಟಗ ಮುಟ್ಟಿತೋ ಇಲ್ಲೋ ನೋಡಾಕ. ಇದಕ್ಕ ಅದು ಗೊತ್ತಿಲ್ಲ, ಗುರುತನ್ನೂ ಅಕ್ಷರದಾಗ ಸೇರಿಸಿ ಓದಾಕತ್ತದ. ತಡಿ, ತಗದು ಹಾಕ್ತೀನಿ!"

ಟಕ್, ಟಕ್. ಪರದೆ ಒಮ್ಮೆ ಮಿಟುಕಿತು. ಮೊದಲು ಸುಣ್ಣ, ಆಮೇಲೆ ಮರಳು, ಆಮೇಲೆ ಕಬ್ಬಿಣ, ಒಂದರ ಕೆಳಗೊಂದು, ಮುತ್ತು ಪೋಣಿಸಿದ ಹಾಗೆ ಅಂಕಿಗಳು ಇಳಿದು ಬಂದವು. ನಾನು ಎದ್ದು ನಿಂತು ಓದಿದೆ. ಕೈಪಿಡಿ ತೊಡೆಯಿಂದ ಜಾರಿ ಬಿತ್ತು, ಅರ್ಧ ತುರುಬು ಬಿಚ್ಚಿ ಕೂದಲು ಮುಖದ ಮೇಲೆ ಬಂದಿತ್ತು, ಚೀರಿ ಚೀರಿ ದನಿ ಬಿದ್ದುಹೋಗಿತ್ತು. ಅಕ್ಕ ಓಡಿ ಬಂದರು. ಇಬ್ಬರೂ ಕೈ ಹಿಡಿದುಕೊಂಡು ಆ ತಣ್ಣನೆಯ ಕೋಣೆಯಲ್ಲಿ ಚಿಕ್ಕ ಹುಡುಗಿಯರ ಹಾಗೆ ಗಿರಗಿರ ತಿರುಗಿದೆವು. ದೇವರಾಣೆ, ನನ್ನ ಮದುವೆಯ ದಿನವೂ ನನಗೆ ಅಷ್ಟು ಖುಷಿಯಾಗಿರಲಿಲ್ಲ.

ತಿರುಗಿ ತಿರುಗಿ ಕುಳಿತ ಮೇಲೆ ಅಕ್ಕ ಬೂಟಿನ ದಾರ ಬಿಚ್ಚಿ ಕಟ್ಟಿದರು.

"ಪೂಜಿಗಂತ ಸ್ವಿಚ್ ಆರಿಸಿದಾಕಿ ನಾನು. ಬ್ಯಾಟರಿ ನೋಡಿಲ್ಲ. ಇದು ನಾ ಮಾಡಿದ್ದು."

ನನಗೆ ಗಾಬರಿಯಾಯಿತು. "ಅಕ್ಕಾ, ಈಗ ಸರಿ ಆಯ್ತಲ್ಲ. ಇನ್ನ ಯಾರು ಕೇಳ್ತಾರ?"

"ಯಾರೂ ಕೇಳಂಗಿಲ್ಲ. ಅದಾ ತೊಂದ್ರಿ. ಕೇಳಲಿಲ್ಲ ಅಂದ್ರ ಕುಂಕುಮನಾ ಕಾರಣ ಅಂತ ಉಳೀತದ. ಕಾಕಾ ಗೇಟಿನ ಹೊರಗ ಉಳೀತಾನ." ಎದ್ದು ಸೆರಗು ಸಿಕ್ಕಿಸಿದರು. "ನಡಿ."

ದೊಡ್ಡ ಸಾಹೇಬರ ಬಂಗಲೆಯಲ್ಲಿ ಬೊಂಬೆ ಕೂರಿಸಿದ್ದರು. ಸಾಹೇಬರು ರೇಷ್ಮೆ ಪಂಚೆಯಲ್ಲಿ ಹೊರಗೆ ಬಂದರು. ಅಕ್ಕ ಕುಳಿತುಕೊಳ್ಳಲೂ ಇಲ್ಲ. ಮಷಿನು ಮಾತಾಡುತ್ತಿದೆ ಎಂದರು. ಸಾಹೇಬರ ಮುಖ ಅರಳಿತು. ಅದು ಮಾತು ಬಿಟ್ಟದ್ದು ತಾವು ಆರಿಸಿದ್ದರಿಂದ ಎಂದರು. ಅರಳಿದ ಮುಖ ಅಲ್ಲಿಗೇ ನಿಂತಿತು.

"ನೀವು ಹೇಳದೇ ಇದ್ದಿದ್ರೆ ನನಗೆ ಗೊತ್ತೇ ಆಗ್ತಿರ್ಲಿಲ್ಲ."

"ಹೌದ್ರೀ."

"ನಿಮ್ಮ ಮೇಲೆ ಮೆಮೊ ಹಾಕ್ಬೇಕಾಗತ್ತೆ."

"ಹಾಕ್ರಿ. ಆದ್ರ ಕಾಕಾನ ಹೆಸರು ಕೂಗಿಸ್ರಿ."

"ಅಲ್ಲಾರೀ, ವೈರಿಗೆ ಕುಂಕುಮ ಹಚ್ಚೋದು ಸರೀನಾ? ಇವತ್ತಲ್ಲ ನಾಳೆ ಅದರಿಂದ್ಲೂ ಆಗಬಹುದಲ್ಲ?"

ಅಕ್ಕ ತಲೆ ವಾಲಿಸಿದರು. "ಅಂದ್ರ, ಕುಂಕುಮ ಹಚ್ಚಿದ್ರ ಮಾತು ನಿಲ್ತದ ಅಂತೀರಿ. ಹೌದಲ್ಲರಿ? ಬರ್ರಿ, ಹಚ್ಚಿ ನೋಡೋಣು." ಎಂದವರು ಬಾಗಿಲಿಗೆ ಬಂದು ನಿಂತಿದ್ದ ಸಾಹೇಬರ ಹೆಂಡತಿಯ ಕಡೆ ತಿರುಗಿ, "ಅಮ್ಮಾರೆ, ಚೂರು ಕುಂಕುಮ ಕೊಡ್ರಿ" ಎಂದರು.

ಆ ಮೆರವಣಿಗೆ ನನ್ನ ಕಣ್ಣಿಗೆ ಈಗಲೂ ಕಟ್ಟಿದ ಹಾಗಿದೆ. ಮುಂದೆ ಕ್ಯಾನ್ವಾಸ್ ಬೂಟಿನ ಅಕ್ಕ, ಕೈಯಲ್ಲಿ ಬೆಳ್ಳಿಯ ಕುಂಕುಮ ಭರಣಿ. ಹಿಂದೆ ಪಂಚೆ ಎತ್ತಿ ಹಿಡಿದ ಸಾಹೇಬರು. ಅವರ ಹಿಂದೆ ಕೂದಲು ಬಿಚ್ಚಿದ ನಾನು. ವಾಚ್‌ಮನ್ ಸೆಲ್ಯೂಟ್ ಹೊಡೆಯಲು ಎತ್ತಿದ ಕೈಯನ್ನು ಇಳಿಸುವುದನ್ನೇ ಮರೆತ. ಲ್ಯಾಬಿನಲ್ಲಿ ಅಕ್ಕ ಉಂಗುರಬೆರಳನ್ನು ಭರಣಿಗೆ ಅದ್ದಿ ವೈರಿನ ತಗಡಿನ ಮೇಲೆ ದೊಡ್ಡ ಬೊಟ್ಟು ಇಟ್ಟರು. ಸಾಲದೆಂದು ಇನ್ನೊಂದು ಇಟ್ಟರು. ತಮ್ಮ ಹಣೆಗೂ ಕುಂಕುಮ ಇಟ್ಟುಕೊಳ್ಳದ ಹೆಂಗಸು, ಎಷ್ಟು ನೀಟಾಗಿ ಇಟ್ಟರು ಅಂತೀರಿ! ಬಿಲ್ಲೆಯನ್ನು ಮತ್ತೆ ಅಳೆಸಿ ಕಳಿಸಿದರು. ಅಂಕಿಗಳು ಒಂದರ ಕೆಳಗೊಂದು ಇಳಿದವು. ಸಾಹೇಬರು ಬಹಳ ಹೊತ್ತು ಪರದೆಯನ್ನೇ ನೋಡಿದರು.

"ಬ್ಯಾಟರಿ ಹೊಸಾದು ತರಿಸಿ" ಅಂದರು ಕೊನೆಗೆ. "ಆ ಮನುಷ್ಯನಿಗೆ ಕೆಲಸಕ್ಕೆ ಬರೋಕೆ ಹೇಳಿ."

ಮೆಮೊ ಬಂತು. ಮಷಿನಿನ ಜವಾಬ್ದಾರಿಯನ್ನೂ ಕೆಲವು ತಿಂಗಳು ಬೇರೊಬ್ಬರಿಗೆ ಕೊಟ್ಟರು. ಅಕ್ಕ ಮತ್ತೆ ಹಳೆಯ ಗಾಜಿನ ನಳಿಗೆಗಳ ಮುಂದೆ ನಿಂತರು. ಆ ದಿನಗಳಲ್ಲಿ ಅವರ ನಡಿಗೆಯ ದಡದಡ ಸ್ವಲ್ಪ ಕಡಿಮೆಯಾಗಿದ್ದನ್ನು ನಾನು ಬಾಗಿಲಲ್ಲಿ ನಿಂತು ಗಮನಿಸಿದ್ದೇನೆ. ಕೇಳಿದರೆ, "ಬೂಟು ಹಳೇದಾಗ್ಯಾವ" ಅನ್ನುತ್ತಿದ್ದರು. ಬೇಸಗೆಯ ಹೊತ್ತಿಗೆ ಮಷಿನು ಮತ್ತೆ ಅವರ ಕೈಗೆ ಬಂತು. ಮುಂದಿನ ಖಂಡೇಪೂಜೆಗೆ ಕಾಕಾ ಕುಂಕುಮ ಹಿಡಿದು ಬಾಗಿಲಲ್ಲೇ ನಿಂತು, "ಬಾಯೀ, ಮೊದಲು ಬ್ಯಾಟರಿ ತೋರಸ್ರಿ, ಆಮ್ಯಾಲ ದೇವರು" ಎಂದರಂತೆ.

ಆ ದಸರೆಯ ಸಂಜೆ ಕಾಕಾ ಬನ್ನಿ ಹಿಡಿದು ಬಂದದ್ದನ್ನು ಹೇಳಬೇಕು. ಸುದ್ದಿ ಮುಟ್ಟಿತ್ತು. ಅಕ್ಕನ ಕೈಗೆ ಎಲೆ ಕೊಟ್ಟವರೇ ಕಾಲಿಗೆ ಬಗ್ಗಿದರು. ಅಕ್ಕ ಹಾವು ಕಂಡ ಹಾಗೆ ಹಿಂದಕ್ಕೆ ಜಿಗಿದು, "ಏ ಕಾಕಾ, ದೊಡ್ಡಾಂವ ನೀ! ನಾ ಹಿಡೀಬೇಕು ನಿನ್ನ ಕಾಲು" ಎಂದು ತಾವೇ ಬಗ್ಗಿಬಿಟ್ಟರು. ಕಾಕಾ ಜಿಗಿದರು. ಇಬ್ಬರೂ ಹೀಗೆ ಅಂಗಳದ ತುಂಬ ಜಿಗಿದಾಡುವುದನ್ನು ನೋಡಿ ನನ್ನ ಅತ್ತೆ ನಕ್ಕು ನಕ್ಕು ಕಟ್ಟೆಯ ಮೇಲೆ ಕುಳಿತರು.

ನಾನು ಮುಂದೆ ನೌಕರಿಗೇನೂ ಹೋಗಲಿಲ್ಲ. ರೊಟ್ಟಿ ಬಡಿದೆ, ಮಕ್ಕಳನ್ನು ಬೆಳೆಸಿದೆ. ಆದರೆ ಮಗುವಿಗೆ ಜ್ವರ ಬಂದಾಗ ಡಾಕ್ಟರ ಮುಂದೆ ಏನು ಕಂಡೆನೋ ಅದನ್ನೇ, ಕಂಡ ಹಾಗೇ ಹೇಳಿದೆ. ಮಕ್ಕಳು ಜಗಳವಾಡಿ ಬಂದರೆ ಯಾರ ತಪ್ಪು ಎಂದು ಕೇಳುವ ಮೊದಲು ಯಾರಿಗೆ ಏನು ಕೇಳಿಸಿತು ಎಂದು ಕೇಳಿದೆ. ಮನೆಯಲ್ಲಿ ನನ್ನ ದನಿ ಎದ್ದು ಕೇಳಬೇಕಾದಾಗ ಎದ್ದು ಕೇಳಿತು. ಇದನ್ನೆಲ್ಲ ಅವರಿಗೆ ಎದುರಿಗೆ ಕೂತು ಹೇಳಬೇಕಿತ್ತು. ಹೇಳಿದ್ದರೆ, "ಅಂದ್ರ ನೀ ಹೇಳಿದ್ದು ಹಿಂಗ" ಎಂದು ನನ್ನ ಮಾತನ್ನೇ ತಿರುಗಿಸಿ ಹೇಳಿ ನಗಿಸುತ್ತಿದ್ದರು.

ನಿವೃತ್ತಿಯಾದ ಮೇಲೆ ಅವರು ಚಿತ್ತಾಪುರದಲ್ಲಿ ಮನೆ ಮಾಡಿದ್ದರು. ಮಳೆಗಾಲದ ಒಂದು ಬೆಳಿಗ್ಗೆ ಸುದ್ದಿ ಬಂತು. ನಾನು ವಾಡಿಯಿಂದ ರೈಲು ಹತ್ತಿ ಹೋದೆ. ಬಿಳಿ ಬಟ್ಟೆ ಹೊದಿಸಿ ಮಲಗಿಸಿದ್ದರು, ಬುದ್ಧನ ಪಟದ ಮುಂದೆ ಮೇಣದಬತ್ತಿ ಉರಿಯುತ್ತಿತ್ತು. ಅಂಗಳದ ಬೆಂಚಿನ ಮೇಲೆ ಬೆನ್ನು ಬಾಗಿದ ಒಬ್ಬ ಮುದುಕರು ಕುಳಿತಿದ್ದರು. ಹುಬ್ಬು ಈಗ ಪುಡಿಯಿಲ್ಲದೆಯೂ ಬೆಳ್ಳಗಿತ್ತು. ಸ್ಯಾಂಪಲ್ ಕಾಕಾ. ಕಾಯಂ ಆಗಿ, ಪೆನ್ಷನ್ ತೆಗೆದುಕೊಂಡು ಚಿಮ್ಮನಚೋಡಕ್ಕೆ ಹೋದವರು, ಬಸ್ಸಿನಲ್ಲಿ ಒಬ್ಬರೇ ಬಂದಿದ್ದರು. ನಾನು ಪಕ್ಕದಲ್ಲಿ ಕುಳಿತೆ.

"ಸಾಹೇಬ್ರ ಮುಂದ ಆವತ್ತು ನನಗ ಮಾತು ಬರಲಿಲ್ಲವ್ವಾ" ಎಂದರು. "ಆಕಿ ನಂದೂ ಆಡಿದಳು."

ನಾನು ಹೂಂ ಅಂದೆ.

"ಒಂದು ಮಾತು ಬಾಯೀನ್ನ ಕೇಳಬೇಕಂತ ಇದ್ದೆ, ಹಂಗಾ ಉಳೀತು. ನೀ ಇದ್ದೆಲ್ಲ ಅಲ್ಲಿ. ಆವತ್ತು ಮಷೀನು ಮೊದಲಿಗಿ ಏನಂತು?"

ಪಲ್ಯಕ್ಕೆ ಉಪ್ಪು ಹಾಕಿದೆನೋ ಇಲ್ಲವೋ ಎಂಬುದೇ ನೆನಪಿರದ ವಯಸ್ಸು ನನಗೀಗ. ಆದರೂ ತಡವರಿಸಲಿಲ್ಲ.

"ಸುಣ್ಣ, ನಲವತ್ಮೂರೂವರಿ."

ಕಾಕಾ ಕಣ್ಣು ಮುಚ್ಚಿದರು. ಹೆಬ್ಬೆರಳನ್ನು ತೋರುಬೆರಳಿಗೆ ಮೆಲ್ಲಗೆ ಉಜ್ಜಿದರು, ಪುಡಿಯ ನುಣುಪು ನೋಡುವವರ ಹಾಗೆ.

"ಛಲೋ ಅರದಿದ್ದೆ" ಅಂದರು.